ಹೋಟೆಲಿನೊಳಗಣ ಗಾಳಿ

1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗು, ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ತಲೆತಲಾಂತರದಿಂದ ಬಾಳಿಬಂದ ಸಂಸಾರಗಳನ್ನು ಊರ ಹೊರಗಿನ ಬಯಲಿಗೆ ಓಡಿಸಿ, ಅಂಗಡಿಮುಂಗಟ್ಟುಗಳ ಕದವಿಕ್ಕಿಸಿದಾಗ, ನಗರದ ಹಿತಚಿಂತಕರು ನೆಚ್ಚಿದ್ದು ಮುಖ್ಯವಾಗಿ ಗಾಳಿಬೆಳಕುಗಳನ್ನು. ಕೆಲವು ವರ್ಷ ಮೊದಲೇ ನಕ್ಷೆ ಸಿದ್ಧವಾಗಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು, ನೇರವಾದ ಅಗಲ ಬೀದಿಗಳಿಂದಲೂ ಮನೆಮನೆಯ ನಡುವಣ ತೆರಪಿನಿಂದಲೂ ಭಯಗ್ರಸ್ತರಾದ ಜನರನ್ನು ಸೆಳೆದು, ಪ್ಲೇಗಿನ ತರುವಾಯ ಬೇಗಬೇಗ ತುಂಬಿಕೊಂಡವು. ಅದೇ ವರ್ಷ ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯರು, ಇಲಿಯ ಮೈಮೇಲಿನ ಚಿಗಟವೇ ಈ ರೋಗದ ವಾಹಕವೆಂದು ಕರಾಚಿಯಲ್ಲಿ ಪ್ರಯೋಗಪೂರ್ವಕವಾಗಿ ತೋರಿಸಿದ್ದರೂ, ಅವರ ಮಾತನ್ನು ವೈದ್ಯಲೋಕ ಅಂಗೀಕರಿಸಲು ವರ್ಷಗಳೇ ಹಿಡಿದವು. ಹೀಗೆ ಬಹುಮಟ್ಟಿಗೆ ಚಿಗಟದಿಂದ ಹರಡುವ ವ್ಯಾಧಿಯನ್ನು ಗಾಳಿಯಿಂದ ಗೆಲ್ಲಲೆಳಸಿದ ನಗರವೇ, 122 ವರ್ಷಗಳ ಅನಂತರ, ಗಾಳಿಯಲ್ಲಿಯೇ ಸಂಚರಿಸುವ ಇನ್ನೊಂದು ವ್ಯಾಧಿಯನ್ನು ಸೋಪು ನೀರುಗಳಿಂದ ಗೆಲ್ಲಲು ಹೊರಟಿತು. ಈ ವೈಪರೀತ್ಯದ ಕಥೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ನಮ್ಮ ಹೋಟೆಲುಗಳಲ್ಲಿ.

ಹೋಟೆಲಿನವರನ್ನು ಇದಕ್ಕಾಗಿ ದೂರುವುದು ಅನ್ಯಾಯ. ಎಂಜಲಿನ ಭೀತಿಯನ್ನು ಹೊತ್ತುಕೊಂಡೇ ಮನೆಯಿಂದ ಹೊರಟು, ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಿದ್ದ ಗಿರಾಕಿಗೆ ನಂಬಿಕೆ ಹುಟ್ಟಿಸುವ ಸಲುವಾಗಿ, ಈ ಉದ್ಯಮ ತನ್ನ ಶುಚಿತ್ವವನ್ನೆಲ್ಲ ಪಾತ್ರೆಯಲ್ಲಿ, ನೀರಿನಲ್ಲಿ, ಕೈಯಲ್ಲಿ ತೋರಿಸಬೇಕಾಗಿತ್ತು. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸಿನ ಯಜ್ಞನಾರಾಯಣ ಮಯ್ಯರು, 1951ರಲ್ಲಿ ಯೂರೋಪನ್ನು ಸುತ್ತಿ, ಅಲ್ಲಿಯ ಉಪಾಹಾರಗೃಹಗಳ ನಿರ್ಮಲತೆಗೆ ಮನಸೋತು ಹಿಂದಿರುಗಿದವರು, ಲೋಟ ತಟ್ಟೆಗಳನ್ನು ಕ್ರಿಮಿರಹಿತಗೊಳಿಸುವ ಪದ್ಧತಿಯನ್ನು ತಮ್ಮಲ್ಲಿ ಜಾರಿಗೆ ತಂದರು. ಕಣ್ಣಿಗೆ ಕಾಣುವ ಕೊಳೆಯ ಮೇಲೆ ನಮ್ಮ ಹೋಟೆಲುಗಳು ಸಾಧಿಸಿದ ಈ ವಿಜಯ ಅಲ್ಪವಾದುದಲ್ಲ. ವಾಂತಿಭೇದಿ, ವಿಷಮಶೀತಜ್ವರಗಳ ನಾಡಿನಲ್ಲಿ ಅದು ಜೀವರಕ್ಷೆಯೇ ಆಗಿತ್ತು.

2020ರ ಮಾರ್ಚಿನಲ್ಲಿ ಕೋವಿಡ್ ನಿಮಿತ್ತ ದೇಶವೆಲ್ಲ ಮುಚ್ಚಿ, ಒಲೆ ಉರಿಯುತ್ತಿದ್ದ ಹೋಟೆಲುಗಳೂ ಪಾರ್ಸೆಲಿಗೆ ಮಾತ್ರ ಸೀಮಿತವಾದವು. ಜೂನ್ 8ರಂದು ಕುಳಿತು ತಿನ್ನಲು ಅನುಮತಿ ದೊರೆತಾಗ, ಕೇಂದ್ರ ಸರಕಾರದ ನಿಯಮಾವಳಿ ಅರ್ಧದಷ್ಟು ಆಸನ, ಎಸೆದುಬಿಡಬಹುದಾದ ತಿಂಡಿಪಟ್ಟಿ, ಬಟ್ಟೆಯ ಬದಲು ಕಾಗದದ ಕರವಸ್ತ್ರ, ಬಾಗಿಲಲ್ಲಿ ಮೈಬಿಸಿಯ ತಪಾಸಣೆ ಎಂದು ವಿವರವಾಗಿ ವಿಧಿಸಿ, ಹೊರಗಣ ಗಾಳಿ ಒಳಗೆ ಧಾರಾಳವಾಗಿ ಬರುವಂತಿರಬೇಕೆಂಬುದನ್ನೂ ಒಂದು ಮಾತಿನಲ್ಲಿ ಹೇಳಿತ್ತು. ಅಪರಿಚಿತರು ಒಂದೇ ಟೇಬಲ್ಲನ್ನು ಹಂಚಿಕೊಂಡು, ಸಾಂಬಾರಿನ ಬಟ್ಟಲನ್ನು ಆಚೆಗೆ ಸರಿಸಿ ಇನ್ನೊಬ್ಬನಿಗೆ ಜಾಗ ಮಾಡಿಕೊಡುತ್ತಿದ್ದ, ಬೈ-ಟು ಕಾಫಿಯೆಂದರೆ ಸ್ನೇಹವೆಂದೇ ಅರ್ಥವಿದ್ದ ಊರಿನಲ್ಲಿ, ಒಂದು ಬಿಟ್ಟು ಒಂದು ಕುರ್ಚಿಗೆ ಕಾಟು ಹೊಡೆದ ಪಟ್ಟಿ ಅಂಟಿತು. ಗಿರಾಕಿ ಎದ್ದೊಡನೆ ಟೇಬಲ್ಲಿಗೆ ಔಷಧ ಸಿಂಪಡಿಸಿ ಒರೆಸುವ ಕ್ಲೀನರ್ ಹುಡುಗನ ಶ್ರದ್ಧೆಯನ್ನು ಕಂಡವರಿಗೆ, ಅದರಿಂದ ಆಗುವ ಉಪಕಾರ ಸ್ವಲ್ಪವೇ ಎಂದು ಹೇಳಲು ಮನಸ್ಸು ಬಾರದು.

ಆದರೆ ಸಾಕ್ಷ್ಯ ಆಗಲೇ ಬೇರೆಯ ಕಡೆ ಬೆರಳು ತೋರುತ್ತಿತ್ತು. ಚೀನದ ಗ್ವಾಂಗ್‌ಝೌ ನಗರದಲ್ಲಿ, 2020ರ ಜನವರಿ 24ರಂದು, ಅವರ ಹೊಸವರ್ಷದ ಮುನ್ನಾದಿನ, ಕಿಟಕಿಗಳಿಲ್ಲದ ಒಂದು ಭೋಜನಶಾಲೆಯಲ್ಲಿ ಅಕ್ಕಪಕ್ಕದ ಮೂರು ಟೇಬಲ್ಲುಗಳಿಗೆ ಊಟಕ್ಕೆ ಕುಳಿತಿದ್ದ ಮೂರು ಕುಟುಂಬಗಳಲ್ಲಿ, ವುಹಾನಿನಿಂದ ಬಂದಿದ್ದ ಒಬ್ಬರಿಂದ ಮೊದಲ್ಗೊಂಡು, ಒಟ್ಟು 10 ಮಂದಿಗೆ ಸೋಂಕು ತಗುಲಿತು. ಟೇಬಲ್ಲುಗಳ ನಡುವೆ ಸುಮಾರು ಒಂದು ಮೀಟರು ಅಂತರವಿತ್ತು; ಆ ಅಂತಸ್ತಿನಲ್ಲಿದ್ದ ಉಳಿದ ಗಿರಾಕಿಗಳಿಗಾಗಲಿ ಬಡಿಸುವವರಿಗಾಗಲಿ ರೋಗ ಬರಲಿಲ್ಲ. ಆ ಮೂರು ಟೇಬಲ್ಲುಗಳಿಗೆ ಸಮಾನವಾಗಿದ್ದುದು ಒಂದೇ ಹವಾನಿಯಂತ್ರಕ: ಹೊರಗಿನ ಗಾಳಿಯನ್ನು ಸೇರಿಸಿಕೊಳ್ಳದೆ, ಒಬ್ಬರು ಬಿಟ್ಟ ಉಸಿರನ್ನೇ ತಣಿಸಿ ತಣಿಸಿ ಮತ್ತೊಬ್ಬರ ಮುಖಕ್ಕೆ ಬೀಸುತ್ತಿತ್ತು. ಜುಲೈ ತಿಂಗಳಲ್ಲಿ 239 ಮಂದಿ ವಿಜ್ಞಾನಿಗಳು ಗಾಳಿಯ ಮೂಲಕ ಹರಡುವಿಕೆಯನ್ನು ಗಂಭೀರವಾಗಿ ಪರಿಗಣಿಸಿರೆಂದು ಬಹಿರಂಗ ಪತ್ರ ಬರೆಯಬೇಕಾಯಿತು. ಸಿಮೊಂ ಅವರ ಕಾಲದಂತೆ ಈಗಲೂ ತಿಳಿವಳಿಕೆ ಮುಂದೆ ಹೋಯಿತು, ಕಟ್ಟಳೆ ಹಿಂದೆ ಉಳಿಯಿತು.

ಈ ದೃಷ್ಟಿಯಿಂದ ನೋಡಿದರೆ, 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಮೊದಲಾದ ದರ್ಶಿನಿಗಳು, ಮಿತದರವನ್ನೂ ತ್ವರೆಯನ್ನೂ ಉದ್ದೇಶಿಸಿ ಹುಟ್ಟಿದವಾದರೂ, ಈ ವ್ಯಾಧಿಗೆ ಅನಾಯಾಸವಾಗಿ ಪ್ರತಿಕೂಲವಾಗಿದ್ದವು: ಬೀದಿಗೆ ತೆರೆದ ಮುಂಭಾಗ, ನಿಂತುಕೊಂಡೇ ತಿನ್ನುವ ರೂಢಿ, ಟೋಕನ್ ಕೊಟ್ಟು ಇಡ್ಲಿ ವಡೆ ಮುಗಿಸಿ ಹತ್ತು ನಿಮಿಷದಲ್ಲಿ ಹೊರಬೀಳುವ ಗಿರಾಕಿ. ಬಾರುಗಳ ರಚನೆಯಾದರೋ ಇದಕ್ಕೆ ನೇರ ವಿರುದ್ಧ. ಮುಚ್ಚಿದ ಬಾಗಿಲು, ಮಂದಬೆಳಕು, ಸದ್ದನ್ನು ಮೀರಲು ಏರುವ ದನಿ, ಗಂಟೆಗಟ್ಟಲೆ ಕೂಡುವ ಸಂಗ. ಮದ್ಯದಂಗಡಿಗಳು ಮೇ 4ರಂದೇ ತೆರೆದು ಮೈಲುದ್ದದ ಸಾಲುಗಳನ್ನು ಕಂಡರೂ, ಕುಳಿತು ಕುಡಿಯುವ ಅವಕಾಶ ಕರ್ನಾಟಕದಲ್ಲಿ ಸೆಪ್ಟೆಂಬರ್ 1ರ ತನಕ ದೊರೆಯದಿದ್ದುದು, ಅಲ್ಲಿ ದುಡಿಯುವವರಿಗೆ ಎಷ್ಟೇ ಕಠೋರವಾಗಿದ್ದರೂ, ನಿಷ್ಕಾರಣವಾಗಿರಲಿಲ್ಲ. ಸಂಬಳವಿಲ್ಲದ ಆ ತಿಂಗಳುಗಳಲ್ಲಿ ಅವರ ಕೈಹಿಡಿಯುವ ಹೊಣೆಯನ್ನು ಸಮಾಜ ಹೊರಬೇಕಾಗಿತ್ತೆಂಬುದು ಬೇರೆ ಮಾತಲ್ಲ, ಅದೇ ಮಾತಿನ ಇನ್ನರ್ಧ. ಹೊಟ್ಟೆಗಿಲ್ಲದವನನ್ನು ಸುಮ್ಮನೆ ಕಾದಿರೆನ್ನುವುದು ಆರೋಗ್ಯನೀತಿಯಾಗದು.

ಎರಡನೆಯ ಅಲೆ ಇಳಿದ ಮೇಲೆ, 2021ರ ಜೂನ್ 21ರಂದು, ನಮ್ಮ ಹೋಟೆಲುಗಳು ಅರ್ಧ ಆಸನಗಳೊಂದಿಗೆ, ಸಂಜೆ 5ರವರೆಗೆ, ಮದ್ಯವಿಲ್ಲದೆ ಮತ್ತೆ ತೆರೆದವು. ಆ ವೇಳೆಗಾಗಲೇ ಹಾಂಗ್‌ಕಾಂಗಿನಲ್ಲಿ, ಭೋಜನಶಾಲೆಯ ಗಾಳಿ ಗಂಟೆಗೆ 6 ಬಾರಿ ಬದಲಾಗುವಂತಿರಬೇಕು, ಇಲ್ಲವೇ ಗಾಳಿಯನ್ನು ಶುದ್ಧಿಗೊಳಿಸುವ ಯಂತ್ರ ಇರಿಸಬೇಕೆಂಬ ಕಟ್ಟಳೆ ಬಂದಿತ್ತು. ನಾವು ಕುರ್ಚಿಗಳನ್ನೆಣಿಸಿದೆವು, ಗಡಿಯಾರವನ್ನು ನೋಡಿದೆವು. ಉಸಿರಿನಿಂದ ಕೋಣೆಯಲ್ಲಿ ಶೇಖರವಾಗುವ ಇಂಗಾಲದ ಡೈಆಕ್ಸೈಡನ್ನು ಅಳೆದು ಗಾಳಿಯ ಹಳಸುವಿಕೆಯನ್ನು ತಿಳಿಸುವ ಪುಟ್ಟ ಮಾಪಕವೊಂದನ್ನು, ಗಲ್ಲಾದ ಮೇಲ್ಗಡೆ, ದೇವರ ಪಟದ ಪಕ್ಕದಲ್ಲಿ, ಬಂದವರಿಗೆಲ್ಲ ಕಾಣುವಂತೆ ತೂಗುಹಾಕುವ ಕೆಲಸ ಇನ್ನೂ ಆಗಬೇಕಾಗಿದೆ.