ಆಪರೇಟರ್ ಪರದೆಗಳ ನಿಯೋಜನೆ

ಆಪರೇಟರ್ ಪರದೆಗಳ ನಿಯೋಜನೆ ಎಂದರೆ ಕೈಗಾರಿಕಾ ನಿಯಂತ್ರಣ ವ್ಯವಸ್ಥೆಯ ಎಂಜಿನಿಯರಿಂಗ್ ಗಣಕದಲ್ಲಿ ರಚಿಸಿದ ಚಿತ್ರಪರದೆಗಳನ್ನು ನಿಯಂತ್ರಣ ಕೊಠಡಿಯ ಆಪರೇಟರ್ ಗಣಕಗಳಿಗೆ ತಲುಪಿಸುವ ಪ್ರಕ್ರಿಯೆ. ಪಂಪು, ಕವಾಟ, ಕೊಳವೆಗಳ ಚಿಹ್ನೆಗಳೂ ಒತ್ತಡ, ಉಷ್ಣತೆ, ಮಟ್ಟಗಳ ಅಳತೆಗಳೂ ಈ ಪರದೆಗಳಲ್ಲಿ ಕಾಣುತ್ತವೆ.

ವಿಧಾನ

ಪರದೆಯ ಚಿಹ್ನೆ ಹಾಗೂ ಅಳತೆಗಳನ್ನು ನಿಯಂತ್ರಕದಲ್ಲಿರುವ ಟ್ಯಾಗ್‌ಗಳಿಗೆ ಜೋಡಿಸಲಾಗುತ್ತದೆ. ಬದಲಾವಣೆಯನ್ನು ಪರೀಕ್ಷಿಸಿ, ಹಳೆಯ ಆವೃತ್ತಿಯ ಪ್ರತಿಯನ್ನು ಉಳಿಸಿಕೊಂಡ ಬಳಿಕ ಹೊಸ ಕಡತವನ್ನು ಸರ್ವರ್ ಮೂಲಕ ಅಥವಾ ನೇರವಾಗಿ ಪ್ರತಿಯೊಂದು ಗಣಕಕ್ಕೂ ಡೌನ್‌ಲೋಡ್ ಮಾಡಲಾಗುತ್ತದೆ. ಕೆಲವು ವ್ಯವಸ್ಥೆಗಳಲ್ಲಿ, ತೆರೆದಿರುವ ಪರದೆಯನ್ನು ಮುಚ್ಚಿ ಮತ್ತೆ ತೆರೆಯುವವರೆಗೆ ಹಳೆಯ ಚಿತ್ರವೇ ಉಳಿಯುತ್ತದೆ.

ಮಹತ್ವ

ನಿಯೋಜನೆಯ ವೇಳೆ ಸ್ಥಗಿತವಾಗಿದ್ದ ಗಣಕದಲ್ಲಿ ಹಳೆಯ ಆವೃತ್ತಿ ಉಳಿಯಬಹುದು. ಆಗ ಹೊಸದಾಗಿ ಅಳವಡಿಸಿದ ಕವಾಟವು ಒಬ್ಬ ಆಪರೇಟರ್‌ಗೆ ಕಾಣುತ್ತದೆ, ಪಕ್ಕದಲ್ಲಿರುವವರಿಗೆ ಕಾಣುವುದಿಲ್ಲ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿರುವ ಎನ್‌ಟಿಪಿಸಿ ಶಾಖೋತ್ಪನ್ನ ವಿದ್ಯುತ್ ಸ್ಥಾವರವು ತಲಾ 800 ಮೆಗಾವ್ಯಾಟ್ ಸಾಮರ್ಥ್ಯದ 3 ಘಟಕಗಳನ್ನು ಹೊಂದಿದೆ. ಇಂತಹ ಬಹುಘಟಕ ಸ್ಥಾವರಗಳಲ್ಲಿ ಒಂದು ಘಟಕದ ಪರದೆಯನ್ನು ನಕಲಿಸಿ ಇನ್ನೊಂದಕ್ಕೆ ಬಳಸುವಾಗ ಟ್ಯಾಗ್‌ಗಳನ್ನು ಬದಲಿಸದಿದ್ದರೆ, ಪರದೆಯು ಬೇರೊಂದು ಘಟಕದ ಅಳತೆಯನ್ನು ತೋರಿಸುತ್ತದೆ. ಆದೇಶವೂ ಆ ಘಟಕದ ಪಂಪಿಗೇ ಹೋಗಬಹುದು. ಆದ್ದರಿಂದ ನಿಯೋಜನೆಯ ನಂತರ ಪ್ರತಿ ಗಣಕದಲ್ಲಿಯೂ ಪರದೆಯ ಆವೃತ್ತಿಯನ್ನು ಹಾಗೂ ಟ್ಯಾಗ್‌ಗಳನ್ನು ತಾಳೆ ನೋಡುವುದು ಅವಶ್ಯಕ.