ನ್ಯೂಜಿಲೆಂಡ್‌ನ ಜಿಂಕೆ ಬೇಟೆ: ಊರ ಪಕ್ಕದ ಕಾಡಿನಲ್ಲಿ ಬೇಟೆಗಾರರೇ ಹೆಚ್ಚಾದರೆ?

ಮುಂಬೈನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲೋ ಚೆನ್ನೈನ ಗಿಂಡಿಯಲ್ಲೋ ಜಿಂಕೆ ಕಂಡರೆ ನಾವು ಮೊಬೈಲ್ ತೆಗೆದು ಫೋಟೊ ಹೊಡೆಯುತ್ತೇವೆ. ಅದಕ್ಕಿಂತ ಮುಂದೆ ಹೋಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಜಿಂಕೆ, ಕಡವೆಗಳ ಬೇಟೆ ಎಂದರೆ ಕೇಸು, ಕೋರ್ಟು, ಜೈಲು.

ನ್ಯೂಜಿಲೆಂಡ್‌ನಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಜಿಂಕೆ ಹೊರಗಿನಿಂದ ಬಂದ ಪ್ರಾಣಿ, ಕಾಡಿಗೆ ಕಂಟಕ. ಬಂದೂಕಿನ ಲೈಸೆನ್ಸ್ ಇದ್ದವರು ಸಂರಕ್ಷಣಾ ಇಲಾಖೆಯ ವೆಬ್‌ಸೈಟಿನಲ್ಲಿ ಉಚಿತವಾಗಿ ಪರ್ಮಿಟ್ ಪಡೆದು ಸರ್ಕಾರಿ ಕಾಡಿಗೆ ಹೋಗಬಹುದು. ದೇಶದ ನೆಲದಲ್ಲಿ ಸುಮಾರು ಮೂರನೇ ಒಂದು ಭಾಗ ಈ ಇಲಾಖೆಯ ಕೈಯಲ್ಲಿದೆ. ರಾಜಧಾನಿ ವೆಲ್ಲಿಂಗ್ಟನ್‌ನಿಂದ ಮುಕ್ಕಾಲು ಗಂಟೆ ಕಾರು ಓಡಿಸಿದರೆ ರೆಮುಟಾಕ ಅರಣ್ಯ ಪಾರ್ಕ್ ಸಿಗುತ್ತದೆ. ಇನ್ನೊಂದಿಷ್ಟು ದೂರ ಹೋದರೆ ಟರರುವಾ ಬೆಟ್ಟಸಾಲು. ಎರಡರಲ್ಲೂ ಕೆಂಪು ಜಿಂಕೆ ಇವೆ.

ತೊಂದರೆ ಇರುವುದೂ ಇಲ್ಲೇ. ಊರಿಗೆ ಹತ್ತಿರ, ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಬರಬಹುದು. ಹಾಗಾಗಿ ಬೆಳಗಿನ ಜಾವ ಪಾರ್ಕಿಂಗ್ ಜಾಗಕ್ಕೆ ಹೋದರೆ ಅಲ್ಲಿ ಆಗಲೇ ನಾಲ್ಕು ಕಾರು ನಿಂತಿರುತ್ತವೆ. ಅದೇ ದಾರಿಯಲ್ಲಿ ಚಾರಣಿಗರೂ, ಮಕ್ಕಳೊಂದಿಗೆ ಬಂದ ಕುಟುಂಬಗಳೂ ಓಡಾಡುತ್ತಿರುತ್ತವೆ. ಇಂಥ ಕಾಡಿನಲ್ಲಿ ಜಿಂಕೆಯ ಜಾಡು ಹಿಡಿದು ಹೋಗುವುದು ಹೇಗೆ, ಯಾರ ಪ್ರಾಣಕ್ಕೂ ಸಂಚಕಾರ ತಾರದೆ ಮನೆಗೆ ಮರಳುವುದು ಹೇಗೆ?

ಕಡವೆಯೂ ಹಡಗು ಹತ್ತಿತ್ತು

ನ್ಯೂಜಿಲೆಂಡ್‌ಗೆ ಸೇರಿದ ನೆಲದ ಸಸ್ತನಿ ಎಂದರೆ ಬಾವಲಿ ಮಾತ್ರ. ಜಿಂಕೆಗಳನ್ನು ತಂದವರು ಬ್ರಿಟನ್ನಿನಿಂದ ಬಂದು ನೆಲೆಸಿದವರು. ಅವರ ತಾಯ್ನಾಡಿನಲ್ಲಿ ಜಿಂಕೆ ಬೇಟೆ ಜಮೀನ್ದಾರರ ಸೊತ್ತು. ಹೊಸ ನಾಡಿನಲ್ಲಾದರೂ ಎಲ್ಲರಿಗೂ ಸಿಗಲಿ ಎಂಬ ಆಸೆ. 1861ರಲ್ಲಿ ನೆಲ್ಸನ್ ಪ್ರದೇಶದಲ್ಲಿ ಇಂಗ್ಲೆಂಡಿನ ಕೆಂಪು ಜಿಂಕೆಗಳನ್ನು ಬಿಟ್ಟರು. 1867ರಲ್ಲಿ ಒಟಾಗೋ ಪ್ರಾಂತ್ಯದಲ್ಲಿ ನಮ್ಮ ಚುಕ್ಕೆ ಜಿಂಕೆಯನ್ನೂ ಬಿಟ್ಟಿದ್ದರು, ಅದು ಉಳಿಯಲಿಲ್ಲ. ಆದರೆ 1870ರ ದಶಕದಲ್ಲಿ ಸಿಲೋನಿನಿಂದ ಹಡಗಿನಲ್ಲಿ ಬಂದ ಕಡವೆ ಬೇರೂರಿತು. ನಾಗರಹೊಳೆ, ಬಂಡೀಪುರದಲ್ಲಿ ನಾವು ನೋಡುವ ಅದೇ ಜಾತಿಯ ಕಡವೆ ಇಂದಿಗೂ ಮನವತು ಮತ್ತು ಬೇ ಆಫ್ ಪ್ಲೆಂಟಿ ಪ್ರದೇಶಗಳಲ್ಲಿದೆ. ಅದರ ಕಿವಿ, ಮೂಗು ಎಷ್ಟು ಚುರುಕೆಂದು ಅಲ್ಲಿನ ಬೇಟೆಗಾರರನ್ನು ಕೇಳಬೇಕು.

ಹುಲಿ ಇಲ್ಲ, ಸೀಳುನಾಯಿ ಇಲ್ಲ, ಚಿರತೆ ಇಲ್ಲ. ಜಿಂಕೆಗಳು ಹೆಚ್ಚಿದವು. ಸಸ್ತನಿಗಳ ಬಾಯಿಗೆ ಎಂದೂ ಸಿಕ್ಕಿರದ ಕಾಡಿನ ಎಳೆ ಸಸಿಗಳು ಮಾಯವಾಗತೊಡಗಿದವು. 1930ರಲ್ಲಿ ಸರ್ಕಾರ ಜಿಂಕೆಗಳಿಗಿದ್ದ ರಕ್ಷಣೆ ತೆಗೆದುಹಾಕಿತು, ಮರುವರ್ಷವೇ ಸಂಬಳ ಕೊಟ್ಟು ಕೊಲ್ಲಿಸಲು ಆರಂಭಿಸಿತು. 1960ರ ದಶಕದಲ್ಲಿ ಹೆಲಿಕಾಪ್ಟರ್ ಬಂತು. ಮೇಲಿನಿಂದ ಗುಂಡು ಹಾರಿಸಿ, ಮಾಂಸವನ್ನು ಯುರೋಪಿಗೆ ಕಳಿಸುವ ದೊಡ್ಡ ದಂಧೆ. ಬಯಲಿಗೆ ಬಂದ ಜಿಂಕೆ ಸತ್ತಿತು, ಮರದಡಿ ಅಡಗಿದ್ದು ಬದುಕಿತು. ಈಗಿನ ಜಿಂಕೆಗಳು ಹಗಲು ಹೊತ್ತು ದಟ್ಟ ಕಾಡು ಬಿಟ್ಟು ಬರಲು ಯಾಕೆ ಅಷ್ಟು ಹಿಂದೆಮುಂದೆ ನೋಡುತ್ತವೆ ಎಂಬುದಕ್ಕೆ ಈ ಚರಿತ್ರೆಯಲ್ಲೂ ಉತ್ತರವಿದೆ.

ಜಿಂಕೆ ಎಲ್ಲಿಗೆ ಹೋಗುತ್ತದೆ?

ಜನ ಹೆಚ್ಚಾದ ಕಾಡಿನಲ್ಲಿ ಜಿಂಕೆ ಖಾಲಿಯಾಗಿರುತ್ತದೆ ಎಂದು ಹೊಸಬರು ಭಾವಿಸುತ್ತಾರೆ. ಹಾಗೇನಿಲ್ಲ. ಅದು ತನ್ನ ವೇಳಾಪಟ್ಟಿ ಬದಲಿಸಿಕೊಂಡಿರುತ್ತದೆ, ಅಷ್ಟೇ. ಬೇಟೆಗಾರರು ಸಾಮಾನ್ಯವಾಗಿ ಗುಡ್ಡದ ಏಣಿನ ಮೇಲಿನ ದಾರಿ, ಹೊಳೆಯ ಪಾತ್ರ, ಗುರುತು ಹಾಕಿದ ಚಾರಣ ಮಾರ್ಗಗಳಲ್ಲೇ ನಡೆಯುತ್ತಾರೆ. ಜಿಂಕೆಗೆ ಇದು ಗೊತ್ತು. ಎರಡು ದಾರಿಗಳ ನಡುವಿನ ಕಡಿದಾದ, ಮುಳ್ಳುಪೊದೆಯ ಇಳಿಜಾರಿನಲ್ಲಿ ಹಗಲು ಕಳೆದು, ಕತ್ತಲಾದ ಮೇಲೆ ಮೇಯಲು ಇಳಿಯುತ್ತದೆ. ಪಾರ್ಕಿಂಗ್ ಜಾಗದಿಂದ ಕೂಗಳತೆಯಲ್ಲೇ ಮಲಗಿರುವ ಜಿಂಕೆಯೂ ಉಂಟು. ಯಾಕೆಂದರೆ ಎಲ್ಲರೂ ಆ ಜಾಗವನ್ನು ಬಿರುಸಾಗಿ ದಾಟಿ ದೂರಕ್ಕೆ ಹೋಗುತ್ತಾರೆ.

ದೂರ ಹೋದಷ್ಟೂ ಲಾಭ ಎನ್ನುವುದು ನಿಜವೇ. ಆದರೆ ಮನೆ ಹತ್ತಿರದ ಕಾಡನ್ನು ಆರಿಸಿಕೊಂಡವರಿಗೆ ಇರುವುದು ಅರ್ಧ ದಿನ. ಅಂಥವರ ಬಂಡವಾಳ ಬೇರೆ: ಮತ್ತೆ ಮತ್ತೆ ಹೋಗಬಹುದು. ಒಂದೇ ಹಳ್ಳ, ಅದರ ಎರಡು ಕವಲು, ಒಂದು ಗುಡ್ಡದ ಮೈ. ಇಷ್ಟನ್ನೇ ವರ್ಷವಿಡೀ ನೋಡಿದವರಿಗೆ ನಕ್ಷೆ ಹೇಳದ ಸಂಗತಿಗಳು ತಿಳಿಯುತ್ತವೆ. ವಾರದ ನಡುವೆ ಹೋಗುವುದು, ಮಳೆ ನಿಂತ ಮೊದಲ ಗಂಟೆಗಳಲ್ಲಿ ಹೋಗುವುದು, ಚಳಿಗಾಲದಲ್ಲಿ ಉಳಿದವರು ಮನೆಯಲ್ಲಿರುವಾಗ ಹೋಗುವುದು, ಇವೆಲ್ಲ ಹೊಸ ರೈಫಲ್ ಕೊಳ್ಳುವುದಕ್ಕಿಂತ ಹೆಚ್ಚು ಫಲ ಕೊಡುತ್ತವೆ. ಅಲ್ಲಿ ವಸಂತ ಬರುವುದು ಸೆಪ್ಟೆಂಬರ್‌ನಲ್ಲಿ. ಆಗ ಗುಡ್ಡ ಕುಸಿದ ಜಾಗಗಳಲ್ಲಿ, ಹೊಳೆ ದಂಡೆಯ ಬಯಲುಗಳಲ್ಲಿ ಹೊಸ ಹುಲ್ಲು ಚಿಗುರುತ್ತದೆ. ಚಳಿಗಾಲದಲ್ಲಿ ಸೊರಗಿದ ಜಿಂಕೆಗಳು ಹುಲ್ಲಿನ ಆಸೆಗೆ ಬೆಳಗ್ಗೆ, ಸಂಜೆ ಹೊರಬರುತ್ತವೆ.

ಗುರುತುಗಳನ್ನು ಓದುವುದು ಕಲಿಯಬೇಕಾದ ವಿದ್ಯೆ. ಹಿಕ್ಕೆ ಹೊಳೆಯುತ್ತಿದ್ದರೆ ಹೊಸದು, ಬಿರುಕು ಬಿಟ್ಟಿದ್ದರೆ ಹಳೆಯದು. ಗೊರಸಿನ ಅಂಚು ಚೂಪಾಗಿದ್ದರೆ ಪ್ರಾಣಿ ಈಗಷ್ಟೇ ಹೋಗಿದೆ. ಕೆಸರುಗುಂಡಿಯ ನೀರು ಇನ್ನೂ ಕದಡಿದ್ದರೆ ಗಂಡು ಜಿಂಕೆ ಹೊರಳಾಡಿ ಹೋಗಿ ಹೆಚ್ಚು ಹೊತ್ತಾಗಿಲ್ಲ. ಸಸ್ಯಗಳೂ ಸುಳಿವು ಕೊಡುತ್ತವೆ. ಜಿಂಕೆಗೆ ರುಚಿಸುವ ಗಿಡಗಳ ಕುಡಿ ಚಿವುಟಿದಂತಿದ್ದು, ಖಾರದ ಎಲೆಯ ಹೊರೊಪಿಟೊ ಗಿಡ ಮಾತ್ರ ಹುಲುಸಾಗಿ ಬೆಳೆದಿದ್ದರೆ ಆ ಕಾಡಿನಲ್ಲಿ ಜಿಂಕೆಗಳು ಬಹಳ ಕಾಲದಿಂದ ಮೇಯುತ್ತಿವೆ ಎಂದೇ ಅರ್ಥ.

ಗಾಳಿ ಮೊದಲು, ಕಣ್ಣು ಆಮೇಲೆ

ಜಿಂಕೆಯ ಕಣ್ಣಿಗೆ ಮಣ್ಣೆರಚಬಹುದು, ಮೂಗಿಗೆ ಆಗದು. ಅದಕ್ಕೇ ಅನುಭವಿಗಳ ಜೇಬಿನಲ್ಲಿ ಟಾಲ್ಕಂ ಪೌಡರಿನ ಪುಟ್ಟ ಡಬ್ಬಿ ಇರುತ್ತದೆ. ಒತ್ತಿದರೆ ಹಾರುವ ಪುಡಿ ಗಾಳಿಯ ದಿಕ್ಕು ಹೇಳುತ್ತದೆ. ಬೆಟ್ಟದಲ್ಲಿ ಬೆಳಗಿನ ತಂಪು ಗಾಳಿ ಕಣಿವೆಯ ಕಡೆಗೆ ಇಳಿಯುತ್ತದೆ, ಆಗ ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ಬಿಸಿಲೇರಿ ಇಳಿಜಾರು ಕಾದಂತೆ ಗಾಳಿ ಮೇಲ್ಮುಖವಾಗುತ್ತದೆ, ಆಗ ಮೇಲಿನಿಂದ ಇಳಿಯಬೇಕು. ನಡುವಿನ ಹೊತ್ತಿನಲ್ಲಿ ಗಾಳಿ ಅತ್ತಿತ್ತ ಸುತ್ತುತ್ತದೆ. ಆಗ ಒಂದೆಡೆ ಕೂತು ಚಹಾ ಕುಡಿಯುವುದೇ ಜಾಣತನ.

ಇನ್ನು ನಡಿಗೆ. ಇದು ನಡಿಗೆಯೇ ಅಲ್ಲ, ನಿಲ್ಲುವುದರ ನಡುವೆ ಆಗಾಗ ಕಾಲು ಎತ್ತಿಡುವುದು. ಎರಡು ಮೂರು ಹೆಜ್ಜೆ, ಆಮೇಲೆ ಒಂದೆರಡು ನಿಮಿಷ ಮರದ ಪಕ್ಕ ಕದಲದೆ ನಿಂತು ನೋಡುವುದು. ದಟ್ಟ ಕಾಡಿನಲ್ಲಿ ಒಂದು ಗಂಟೆಗೆ ಇನ್ನೂರು ಮುನ್ನೂರು ಮೀಟರ್ ದಾಟಿದರೆ ಅದೇ ವೇಗ. ಇಡೀ ಜಿಂಕೆಯನ್ನು ಹುಡುಕುವವರಿಗೆ ಜಿಂಕೆ ಕಾಣುವುದಿಲ್ಲ. ಕಾಣುವುದು ಅಲುಗುವ ಒಂದು ಕಿವಿ, ಒದ್ದೆ ಮೂಗಿನ ಮಿಂಚು, ನೆಟ್ಟಗೆ ನಿಂತ ಕಾಂಡಗಳ ನಡುವೆ ಅಡ್ಡಲಾಗಿ ಹೋದ ಒಂದು ಬೆನ್ನಿನ ಗೆರೆ. ಇಪ್ಪತ್ತು ಮೀಟರ್ ದೂರದಲ್ಲೂ ಬೈನಾಕ್ಯುಲರ್ ಬಳಸುತ್ತಾರೆ ಎಂದರೆ ನಗಬೇಡಿ. ಎಲೆಗಳ ಮುಂಭಾಗವನ್ನು ಮಸುಕು ಮಾಡಿ ಹಿಂದಿರುವುದನ್ನು ತೋರಿಸಲು ಅದು ಬೇಕೇ ಬೇಕು.

ಮನಸ್ಸು ಮೂಡಿಸುವ ಜಿಂಕೆ

ಈ ನಿಧಾನಕ್ಕೆ ಮತ್ತೊಂದು ಕಾರಣವೂ ಇದೆ, ಜಿಂಕೆ ಸಿಗುವುದಕ್ಕಿಂತ ಅದು ದೊಡ್ಡದು. ಮನುಷ್ಯನನ್ನು ಜಿಂಕೆ ಎಂದು ತಿಳಿದು ಗುಂಡು ಹಾರಿಸಿದ ಪ್ರಕರಣಗಳು ನ್ಯೂಜಿಲೆಂಡ್‌ನಲ್ಲಿ ದಶಕಗಳಿಂದ ನಡೆದಿವೆ. ಹಲವು ಸಲ ಸತ್ತವರು ಅಪರಿಚಿತರಲ್ಲ, ಬೆಳಗ್ಗೆ ಒಂದೇ ಕಾರಿನಲ್ಲಿ ಬಂದ ಸ್ನೇಹಿತರು. ಗುಂಡು ಹಾರಿಸಿದವರೆಲ್ಲ ಹೊಸಬರೂ ಅಲ್ಲ, ವರ್ಷಗಟ್ಟಲೆ ಅನುಭವ ಇದ್ದವರೂ ಅವರಲ್ಲಿದ್ದಾರೆ.

ಇದು ಹೇಗೆ ಸಾಧ್ಯ ಎಂದು ಆಶ್ಚರ್ಯಪಡುವ ಮುನ್ನ ನಮ್ಮ ಪುರಾಣಗಳನ್ನೇ ನೆನಪಿಸಿಕೊಳ್ಳಿ. ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆ ಎಂದುಕೊಂಡು ದಶರಥ ಬಾಣ ಬಿಟ್ಟ, ಸತ್ತವನು ಶ್ರವಣಕುಮಾರ. ಜರನೆಂಬ ಬೇಡ ಪೊದೆಯ ಸಂದಿನಲ್ಲಿ ಕಂಡ ಕೃಷ್ಣನ ಪಾದವನ್ನೇ ಜಿಂಕೆ ಎಂದು ಭಾವಿಸಿದ. ಹಗ್ಗ ಹಾವಾಗಿ ಕಾಣುವುದು ಮಬ್ಬು ಬೆಳಕಿನಲ್ಲಿ, ಹಾವಿನ ಭಯ ಮನಸ್ಸಿನಲ್ಲಿರುವಾಗ. ಕಾಡಿನಲ್ಲೂ ಅಷ್ಟೇ. ತಾಸುಗಟ್ಟಲೆ ಜಿಂಕೆಗಾಗಿ ಹಂಬಲಿಸಿದ ಮನಸ್ಸು ಕಂದು ಬಣ್ಣದ ಒಂದು ತುಣುಕು, ಒಂದು ಅಲುಗಾಟ, ಒಂದು ಸದ್ದು ಸಿಕ್ಕರೆ ಉಳಿದದ್ದನ್ನು ತಾನೇ ಜೋಡಿಸಿಕೊಳ್ಳುತ್ತದೆ. ಕೊಂಬನ್ನು ಕಣ್ಣಾರೆ ಕಂಡೆ ಎಂದೇ ಅನ್ನಿಸುತ್ತದೆ.

ಹಾಗಾಗಿ ಅಲ್ಲಿನ ಬಂದೂಕು ಸುರಕ್ಷತೆಯ ಏಳು ನಿಯಮಗಳಲ್ಲಿ ನಾಲ್ಕನೆಯದು ಬಹಳ ಕಟ್ಟುನಿಟ್ಟು: ಗುರಿ ಏನೆಂಬುದು ಎಳ್ಳಷ್ಟೂ ಅನುಮಾನವಿಲ್ಲದೆ ಖಚಿತವಾಗಬೇಕು. ಇದನ್ನು ಪಾಲಿಸುವವರು ಪ್ರಶ್ನೆಯನ್ನೇ ತಲೆಕೆಳಗು ಮಾಡುತ್ತಾರೆ. ಕಂಡದ್ದೆಲ್ಲ ಮನುಷ್ಯ ಎಂದುಕೊಂಡು ಶುರುಮಾಡು, ಅಲ್ಲ ಎಂದು ಸಾಬೀತಾಗುವವರೆಗೆ ಬೆರಳು ಕುದುರೆಯ ಬಳಿ ಹೋಗಬಾರದು. ತಲೆ, ಕುತ್ತಿಗೆ, ಭುಜ ಮೂರೂ ಸ್ಪಷ್ಟವಾಗಿ ಕಂಡು, ಗಂಡೋ ಹೆಣ್ಣೋ ಎಂದು ಹೇಳುವಷ್ಟು ಗೊತ್ತಾಗಬೇಕು. ಅದನ್ನು ನೋಡಬೇಕಾದದ್ದು ಬೈನಾಕ್ಯುಲರ್‌ನಲ್ಲಿ. ರೈಫಲ್ಲಿನ ಸ್ಕೋಪಿನಲ್ಲಿ ನೋಡುವುದೆಂದರೆ ಯಾರೋ ಒಬ್ಬರ ಎದೆಗೆ ಬಂದೂಕು ಹಿಡಿದು ನೀವು ಯಾರು ಎಂದು ಕೇಳಿದಂತೆ. ಈಚೆಗೆ ಶಾಖ ಗುರುತಿಸುವ ಥರ್ಮಲ್ ಕ್ಯಾಮೆರಾಗಳು ಬಂದಿವೆ. ಅವು ಪೊದೆಯ ಹಿಂದೆ ಬಿಸಿ ದೇಹವೊಂದಿದೆ ಎಂದು ಹೇಳುತ್ತವೆ. ಯಾರ ದೇಹ ಎಂಬುದನ್ನು ಅವುಗಳ ಮೇಲೆ ಬಿಟ್ಟರೆ ಕೆಟ್ಟಂತೆಯೇ.

ಸರ್ಕಾರಿ ಕಾಡಿನಲ್ಲಿ ರಾತ್ರಿ ಬೇಟೆಗೆ, ಲೈಟು ಬಿಟ್ಟು ಹೊಡೆಯುವುದಕ್ಕೆ ನಿಷೇಧವಿದೆ. 2010ರಲ್ಲಿ ನಾರ್ತ್ ಐಲೆಂಡಿನ ಕಾಡಿನ ಶಿಬಿರವೊಂದರಲ್ಲಿ ಹಣೆಗೆ ಟಾರ್ಚ್ ಕಟ್ಟಿಕೊಂಡು ಹಲ್ಲುಜ್ಜುತ್ತಿದ್ದ ಯುವತಿಯೊಬ್ಬರು ಹೀಗೇ ಪ್ರಾಣ ಕಳೆದುಕೊಂಡರು. ಆ ಬೆಳಕು ಗುಂಡು ಹಾರಿಸಿದವನಿಗೆ ಜಿಂಕೆಯ ಕಣ್ಣಾಗಿ ಕಂಡಿತ್ತು.

ಏಪ್ರಿಲ್‌ನ ಗರ್ಜನೆ

ಅತಿ ಹೆಚ್ಚು ಜನ ಕಾಡಿಗಿಳಿಯುವುದು ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ. ಅದು ಕೆಂಪು ಜಿಂಕೆಗಳು ಬೆದೆಗೆ ಬರುವ ಕಾಲ. ಗಂಡುಗಳು ಕಣಿವೆ ನಡುಗುವಂತೆ ಕೂಗುತ್ತವೆ. ಅದೊಂದು ದನಿ ಗೂಳಿಯ ಹೂಂಕಾರಕ್ಕೂ ಸಿಂಹದ ಗರ್ಜನೆಗೂ ನಡುವಿನದು. ಬೇಟೆಗಾರರು ಕೊಂಬು ಅಥವಾ ಪೈಪಿನಲ್ಲಿ ಅದೇ ದನಿ ತೆಗೆದು ಗಂಡನ್ನು ಕೆರಳಿಸಿ ಹತ್ತಿರ ಕರೆಯುತ್ತಾರೆ.

ಜನ ತುಂಬಿದ ಕಾಡಿನಲ್ಲಿ ಇದು ಎಲ್ಲಿಗೆ ಮುಟ್ಟುತ್ತದೆ ಎಂದು ಊಹಿಸಿ. ಈ ಕಡೆಯವನು ಕೂಗುತ್ತಾನೆ, ಆ ಕಡೆಯಿಂದ ಉತ್ತರ ಬರುತ್ತದೆ. ಇಬ್ಬರೂ ಹೊಂಚು ಹಾಕುತ್ತ ಒಬ್ಬರ ಕಡೆಗೊಬ್ಬರು ಬರುತ್ತಾರೆ. ನಡುವೆ ಜಿಂಕೆಯೇ ಇಲ್ಲ! ಇಂಥ ಕಡೆ ಕೂಗುವುದಕ್ಕಿಂತ ಕಿವಿಗೊಡುವುದೇ ವಾಸಿ. ಸದ್ದು ಮನುಷ್ಯನದೆಂಬ ಶಂಕೆ ಬಂದರೆ ಸಂಕೋಚ ಬಿಟ್ಟು ಬಾಯಿಬಿಟ್ಟು ಮಾತಾಡಬೇಕು. ಜೊತೆಗಾರ ಕಣ್ಣಿಗೆ ಕಾಣದಿದ್ದರೆ ಅವನು ಸಿಗುವವರೆಗೆ ಬೇಟೆ ನಿಲ್ಲಿಸಬೇಕು, ಬಂದೂಕಿನಿಂದ ಗುಂಡು ತೆಗೆಯಬೇಕು. ಒಂದು ಗುಡ್ಡ ನಿನ್ನದು, ಹಳ್ಳದಾಚೆಯದು ನನ್ನದು ಎಂದು ಬೆಳಗ್ಗೆಯೇ ಹಂಚಿಕೊಂಡು, ಆ ಗೆರೆ ದಾಟದಿರುವುದು ಒಳ್ಳೆಯ ಪದ್ಧತಿ. ಆದರೆ ಹಾಗೆ ಹಂಚಿಕೊಂಡೂ ಉತ್ಸಾಹದಲ್ಲಿ ಗೆರೆ ಮರೆತವರಿದ್ದಾರೆ.

ಬಟ್ಟೆಯ ಬಣ್ಣದ ಬಗ್ಗೆ ಹಳೆಯ ಹಿಂಜರಿಕೆಯೊಂದಿದೆ, ಕಿತ್ತಳೆ ತೊಟ್ಟರೆ ಜಿಂಕೆ ಓಡಿಹೋಗುತ್ತದೆ ಎಂದು. ಜಿಂಕೆಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆಯವು. ಕೆಂಪು, ಕಿತ್ತಳೆ ಅದಕ್ಕೆ ಮಂಕಾಗಿ ಹಸಿರಿನೊಳಗೆ ಬೆರೆತುಹೋಗುತ್ತವೆ. ನೀಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಮನುಷ್ಯನ ಕಣ್ಣಿಗೆ ಕಿತ್ತಳೆ ಬೆಂಕಿಯಂತೆ ಹೊಳೆಯುತ್ತದೆ. ಆದ್ದರಿಂದ ಟೋಪಿ, ಜಾಕೆಟ್ ಎರಡೂ ಕಿತ್ತಳೆಯಾಗಿದ್ದರೆ ನಷ್ಟವೇನಿಲ್ಲ. ಬೇಟೆ ಸಿಕ್ಕ ಮೇಲೂ ಎಚ್ಚರ ಬೇಕು. ಬೆನ್ನ ಮೇಲೆ ಜಿಂಕೆಯ ತಲೆಯನ್ನೋ ತೊಗಲನ್ನೋ ಹೊತ್ತು ಪೊದೆಯ ನಡುವೆ ಬರುವವನು ಇನ್ನೊಬ್ಬನ ಕಣ್ಣಿಗೆ ನಡೆದು ಬರುವ ಜಿಂಕೆಯೇ. ಅದಕ್ಕೇ ಹೊರೆಯ ಮೇಲೆ ಕಿತ್ತಳೆ ಬಟ್ಟೆ ಹೊದಿಸುತ್ತಾರೆ.

ಹೀಗೆ ತಂದ ಮಾಂಸವನ್ನು ಮಾರುವಂತಿಲ್ಲ. ಮನೆಯವರು, ನೆಂಟರು, ನೆರೆಹೊರೆಯವರು ಹಂಚಿಕೊಂಡು ತಿನ್ನಬಹುದು.

ಓದಲೋ ಕೆಲಸಕ್ಕೋ ನ್ಯೂಜಿಲೆಂಡ್‌ಗೆ ಹೋದ ನಮ್ಮವರು ಬಂದೂಕು ಹಿಡಿಯದಿದ್ದರೂ ರಜೆಯಲ್ಲಿ ಈ ಕಾಡುಗಳಲ್ಲೇ ಚಾರಣ ಮಾಡುತ್ತಾರೆ. ಏಪ್ರಿಲ್‌ನಲ್ಲಿ ಅತ್ತ ಹೊರಟಿದ್ದರೆ ಕಂದು, ಕಪ್ಪು, ಕಡು ಹಸಿರು ಬಟ್ಟೆ ಬಿಟ್ಟು ಗಾಢ ಕಿತ್ತಳೆಯೋ ಹಳದಿಯೋ ತೊಡಲಿ. ಗುರುತು ಹಾಕಿದ ದಾರಿ ಬಿಟ್ಟು ಪೊದೆಗೆ ನುಗ್ಗುವುದು ಬೇಡ. ದಾರಿಯಲ್ಲಿ ಜೋರಾಗಿ ಮಾತಾಡಿಕೊಂಡೇ ಹೋಗಲಿ, ಕನ್ನಡದಲ್ಲಾದರೂ ಸರಿ. ಮುಂಜಾನೆ ಗಂಡು ಜಿಂಕೆಯ ಕೂಗು ಕೇಳಿದರೆ ನಿಂತು ಆಲಿಸಬಹುದು, ಅದನ್ನು ಅಣಕಿಸಿ ಕೂಗುವ ತಮಾಷೆ ಮಾತ್ರ ಬೇಡ.