ಮುಳ್ಳು ಸುಳ್ಳು ಹೇಳಿತೇ?

ಕೆಲವು ವರ್ಷಗಳ ಹಿಂದಿನ ಮಾತು. ಚಿತ್ರೀಕರಣ ಮುಗಿಸಿಕೊಂಡು ಹಳೆಯ ಬಾಡಿಗೆ ವಾಹನವೊಂದರಲ್ಲಿ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಕೊಟ್ಟಿಗೆಹಾರ ಇನ್ನೇನು ಬಂತು ಎನ್ನುವಾಗ ಇಂಜಿನ್ ಕಟಕಟ ಸದ್ದು ಮಾಡಿ ನಿಂತಿತು. ಬಾನೆಟ್ ಎತ್ತಿದರೆ ಮುಖಕ್ಕೆ ರಾಚುವ ಕಾವು. "ಟೆಂಪರೇಚರ್ ಮುಳ್ಳು ನೋಡಲಿಲ್ಲವೇನಯ್ಯಾ?" ಎಂದು ನಾವೆಲ್ಲ ಚಾಲಕನ ಮೇಲೆ ಹರಿಹಾಯ್ದೆವು. "ನೋಡ್ತಾನೇ ಇದ್ದೆ ಸಾರ್. ಮೇಲೆ ಹೋಯ್ತು, ಆಮೇಲೆ ತಾನಾಗೇ ಕೆಳಗಿಳೀತು. ತಣ್ಣಗಾಯ್ತು ಅಂದ್ಕೊಂಡೆ" ಎಂದ. ರಿಪೇರಿ ಖರ್ಚನ್ನು ಅವನ ಸಂಬಳದಲ್ಲಿ ಹಿಡಿಯುವುದಾಗಿ ಮಾಲೀಕರು ಫೋನಿನಲ್ಲೇ ಹೇಳಿಬಿಟ್ಟರು.

ಇಂಜಿನ್ ಸುಡುತ್ತಿರುವಾಗ ಮುಳ್ಳು ಕೆಳಗಿಳಿಯುವುದುಂಟೆ? ಇದಕ್ಕೆ ಉತ್ತರ ಬೇಕಾದರೆ ನೀವು ನನ್ನೊಡನೆ ನೂರು ವರ್ಷಕ್ಕೂ ಹಿಂದೆ ಬರಬೇಕು.

ಇಂಧನ ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಉಳಿದದ್ದರಲ್ಲಿ ಒಂದಷ್ಟು ಹೊಗೆಯೊಡನೆ ಹೊರಹೋಗುತ್ತದೆ, ಇನ್ನೊಂದಷ್ಟನ್ನು ನೀರು ಹೊತ್ತೊಯ್ಯಬೇಕು. 1886ರಲ್ಲಿ ಪೇಟೆಂಟ್ ಪಡೆದ ಕಾರ್ಲ್ ಬೆಂಜ್ ಅವರ ಮೋಟಾರು ಬಂಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. 1888ರಲ್ಲಿ ಅವರ ಪತ್ನಿ ಬೆರ್ತಾ ಬೆಂಜ್ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ವರೆಗೆ, ಸುಮಾರು ನೂರು ಕಿಲೋಮೀಟರ್, ಓಡಿಸಿದಾಗ ದಾರಿಯುದ್ದಕ್ಕೂ ಮತ್ತೆ ಮತ್ತೆ ನೀರು ತುಂಬಬೇಕಾಯಿತು. ನಮ್ಮ ಹಳೆಯ ಲಾರಿ ಚಾಲಕರು ಸೀಟಿನ ಹಿಂದೆ ನೀರಿನ ಡಬ್ಬಿ ಇಟ್ಟುಕೊಳ್ಳುತ್ತಿದ್ದುದು ನೆನಪಾಗುತ್ತದಲ್ಲವೆ?

ಅದೇ ನೀರನ್ನು ತಣಿಸಿ ತಿರುಗಿ ಬಳಸುವ ದಾರಿಯನ್ನು ಸುಧಾರಿಸಿದವರಲ್ಲಿ ವಿಲ್ಹೆಲ್ಮ್ ಮೇಬಾಕ್ ಪ್ರಮುಖರು. 1900-01ರ ಮರ್ಸಿಡಿಸ್ ಕಾರಿಗೆ ಅವರು ಕೂರಿಸಿದ ಜೇನುಗೂಡಿನಂಥ ರೇಡಿಯೇಟರ್‌ನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಸಣ್ಣ ನಳಿಗೆಗಳಿದ್ದವು. ಗಾಳಿಗೆ ಒಡ್ಡಿದ ಮೇಲ್ಮೈ ಹೆಚ್ಚಿದ್ದರಿಂದ ಕಡಿಮೆ ನೀರಿನಲ್ಲೇ ಕೆಲಸ ನಡೆಯಿತು.

ನೀರು ಎಷ್ಟು ಬಿಸಿಯಾಗಿದೆ ಎಂದು ತಿಳಿಯುವುದು ಹೇಗೆ? ಬಹುಕಾಲ ಹಬೆಯೇ ಎಚ್ಚರಿಕೆಯಾಗಿತ್ತು. 1912ರ ಸುಮಾರಿಗೆ ಅಮೆರಿಕದಲ್ಲಿ ಬಾಯ್ಸ್ ಮೋಟೋಮೀಟರ್ ಎಂಬ ಉಪಕರಣ ಬಂದಿತು. ಅದು ರೇಡಿಯೇಟರ್ ಮುಚ್ಚಳದ ಮೇಲೆ ನಿಲ್ಲಿಸಿದ ತಾಪಮಾಪಕ. ಚಾಲಕ ಕುಳಿತಲ್ಲಿಂದಲೇ ಗಾಜಿನಾಚೆ ನೋಡಬಹುದಾಗಿತ್ತು. ಅದರ ವಿಶೇಷ ಗಮನಿಸಿ: ಅದು ಅಳೆಯುತ್ತಿದ್ದುದು ನೀರನ್ನಲ್ಲ, ನೀರಿನ ಮೇಲಿನ ಆವಿಯನ್ನು. ಮುಂದೆ ಮಾಪಕ ಚಾಲಕನೆದುರಿನ ಫಲಕಕ್ಕೆ ಬಂತು. ಅಳೆಯುವ ಸಾಧನ ನೀರಿನೊಳಗೆ ಇಳಿಯಿತು. ಎರಡರ ನಡುವೆ ಒಂದು ತಂತಿ ಬಂತು. ಅನುಕೂಲವೇನೋ ಆಯಿತು, ಆದರೆ ಹೊಸದೊಂದು ಅನುಮಾನವೂ ಹುಟ್ಟಿತು. ಕೆಟ್ಟಿರುವುದು ಇಂಜಿನ್ನೋ, ವರದಿ ಒಪ್ಪಿಸುವ ದೂತನೋ?

ಆ ದೂತನ ಮೂಲ ಇನ್ನೂ ಹಳೆಯದು. 1833ರಲ್ಲಿ ಮೈಕೆಲ್ ಫ್ಯಾರಡೆ ಬೆಳ್ಳಿಯ ಸಲ್ಫೈಡನ್ನು ಕಾಯಿಸಿದಾಗ ಅದರ ವಿದ್ಯುತ್ ರೋಧ ಕಡಿಮೆಯಾದುದನ್ನು ಕಂಡರು. ಲೋಹಗಳಲ್ಲಿ ಇದು ತಿರುವುಮುರುವು ಎಂಬುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಇಂದಿನ ಸೆನ್ಸರುಗಳ ಥರ್ಮಿಸ್ಟರ್ ಕೂಡ ಸಾಮಾನ್ಯವಾಗಿ ಹೀಗೆಯೇ: ಬಿಸಿಯಾದಷ್ಟೂ ರೋಧ ಇಳಿಯುತ್ತದೆ. ಹಾಗಾದರೆ ತಂತಿ ತುಂಡಾದರೆ? ರೋಧ ಅಪಾರ, ಮಾಪಕ ಅದನ್ನು 'ತಣ್ಣಗಿದೆ' ಎಂದು ಓದುತ್ತದೆ. ತಂತಿ ಬಾಡಿಗೆ ತಾಗಿದರೆ 'ಸುಡುತ್ತಿದೆ' ಎನ್ನುತ್ತದೆ. ಇಂಧನವನ್ನು ಕಂಪ್ಯೂಟರ್ ಅಳೆದು ಕೊಡುವ ವಾಹನಗಳಲ್ಲಿ ಇಂಥ ದೋಷದಿಂದ ಇಂಧನದ ಲೆಕ್ಕವೂ ತಪ್ಪಬಹುದು.

ಈಗ ಮತ್ತೆ ಘಾಟಿಗೆ. ಕೊಟ್ಟಿಗೆಹಾರದಿಂದ ಬಂದ ಹಿರಿಯ ಮೆಕ್ಯಾನಿಕ್ ಮೊದಲು ಮಾಡಿದ್ದು ಏನೂ ಮಾಡದೆ ಬೀಡಿ ಸೇದುತ್ತ ಕುಳಿತದ್ದು. ನಮಗೆ ಸಿಟ್ಟು ಬಂತು. ಕಾರಣ ಆಮೇಲೆ ಹೊಳೆಯಿತು: ರೇಡಿಯೇಟರ್ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟು ನೀರಿನ ಕುದಿಬಿಂದುವನ್ನು ನೂರು ಡಿಗ್ರಿಗಿಂತ ಮೇಲಕ್ಕೆ ಒಯ್ಯುತ್ತದೆ. ಬಿಸಿಯಿರುವಾಗ ತೆರೆದರೆ ನೀರು ತಟ್ಟನೆ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ನೀವೂ ಎಂದೂ ತೆರೆಯಬೇಡಿ.

ಎಲ್ಲ ತಣಿದ ಮೇಲೆ ಅವರು ಸೆನ್ಸರಿನ ತಂತಿ ಕಳಚಿ, ಕೀಲಿ ತಿರುಗಿಸಿಸಿ, ಒಂದು ಕ್ಷಣ ಮಾತ್ರ ಇಂಜಿನ್ನಿನ ಲೋಹಕ್ಕೆ ಮುಟ್ಟಿಸಿದರು. ಮುಳ್ಳು ಸರ್ರನೆ ಮೇಲೇರಿತು. ಅಂದರೆ ಮಾಪಕವೂ ತಂತಿಯೂ ಸರಿ. (ಕಂಪ್ಯೂಟರ್ ಇರುವ ವಾಹನದಲ್ಲಿ ಈ ಪ್ರಯೋಗ ಬೇಡ.) ಬಳಿಕ ಸೆನ್ಸರನ್ನೇ ಬಿಚ್ಚಿದರು. ನಮ್ಮ ಧ್ವನಿ ತಂತ್ರಜ್ಞರ ಪೆಟ್ಟಿಗೆಯಲ್ಲಿ ಮಲ್ಟಿಮೀಟರ್ ಇತ್ತು. ಚಹದಂಗಡಿಯಿಂದ ಬಿಸಿನೀರು ತರಿಸಿದೆವು. ತಣ್ಣೀರಿನಲ್ಲಿ ಹೆಚ್ಚಿದ್ದ ರೋಧ ಬಿಸಿನೀರಿನಲ್ಲಿ ಹಲವು ಪಟ್ಟು ಇಳಿಯಿತು. ಸೆನ್ಸರೂ ಸರಿ!

ಹಾಗಾದರೆ ಮುಳ್ಳು ಇಳಿದದ್ದೇಕೆ? ಮೆಕ್ಯಾನಿಕ್ ಕೆಳಗಿನ ಹೋಸ್ ಪೈಪನ್ನು ಹಿಂಡಿ ತೋರಿಸಿದರು. ಒಳಬದಿಯಲ್ಲಿ ಉದ್ದಕ್ಕೆ ಸೀಳು. ನೀರು ಸೋರಿ ಹೋದಂತೆ ಮಟ್ಟ ಸೆನ್ಸರಿಗಿಂತ ಕೆಳಗಿಳಿದಿತ್ತು. ಬಿಸಿಗಾಳಿ ನೀರಿನಷ್ಟು ಚೆನ್ನಾಗಿ ಶಾಖ ಮುಟ್ಟಿಸದು. ಒಲೆಯ ಮೇಲಿನ ಕಾವಿಗೆ ಕೈಯೊಡ್ಡಬಹುದು, ಕುದಿಯುವ ನೀರಿಗೆ ಅದ್ದಲಾದೀತೆ? ಹತ್ತಿರದ ಲೋಹ ಸುಡುತ್ತಿದ್ದರೂ ಸೆನ್ಸರ್ ತನ್ನ ತುದಿಗೆ ತಾಗಿದ್ದನ್ನಷ್ಟೇ ಹೇಳಿತು.

ಮೆಕ್ಯಾನಿಕ್ ನನ್ನ ಫೋನಿನಿಂದಲೇ ಮಾಲೀಕರಿಗೆ ಇದನ್ನೆಲ್ಲ ವಿವರಿಸಿದರು. "ಮುಳ್ಳು ಏರಿ ಇಳಿದಿದ್ದು ನಿಜ. ಹುಡುಗನ ತಪ್ಪಿಲ್ಲ, ಪೈಪು ಹಳೇದು" ಎಂದರು. ಸಂಬಳದ ಮಾತು ಅಲ್ಲಿಗೆ ನಿಂತಿತು. ಇಂಜಿನ್ನಿನ ಹೆಡ್ ಮಾತ್ರ ಸೊಟ್ಟಗಾಗಿತ್ತು. ನಾವು ಬಸ್ಸು ಹಿಡಿದು ಊರು ಸೇರಿದೆವು.